ನೆಲದ ಹೊಣೆ ಯಾರದು?

(ಮಾತನಾಡುತ್ತಿರುವವರು ಇಬ್ಬರು. ಸೊಸೆ ಮುಂಬಯಿಯ ಪೂರ್ವ ಉಪನಗರದ ಒಂದು ಸೂಪರ್‌ಮಾರ್ಕೆಟ್ಟಿನಲ್ಲಿ ಫ್ಲೋರ್ ಸೂಪರ್‌ವೈಸರ್. ಮಾವ ಅವಳ ತಾಯಿಯ ಅಣ್ಣ. ಹುಡುಗನಾಗಿದ್ದಾಗ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ದುಡಿಯುತ್ತ, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಲೋವರ್ ಪರೇಲಿನ ಗಿರಣಿಯೊಂದರ ಟೈಮ್ ಆಫೀಸಿಗೆ ಸೇರಿದವರು. ಗಿರಣಿ ಮುಚ್ಚಿದ ಮೇಲೆ ಕಾರ್ಮಿಕ ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತರಾಗಿದ್ದರು.)

ಸೊಸೆ: ಮಾವ, ನಿಮ್ಮ ಹತ್ತಿರ ಒಂದು ವಿಷಯ ಕೇಳಬೇಕಿತ್ತು. ನಮ್ಮ ಸ್ಟೋರಿನಲ್ಲಿ ಹಾಲು ಮೊಸರು ಇಡುವ ಫ್ರಿಜ್ಜಿನ ಎದುರು ಒಬ್ಬಳು ಹುಡುಗಿ ಜಾರಿಬಿದ್ದಳು. ಬಲಗೈ ಊರಿ ಬಿದ್ದದ್ದರಿಂದ ಮಣಿಕಟ್ಟಿನ ಮೂಳೆ ಮುರಿಯಿತು. ಮ್ಯಾನೇಜರ್ ಪ್ಲಾಸ್ಟರಿಗೆ ದುಡ್ಡು ಕೊಟ್ಟರು, ರಜೆಗೆ ಬರೆದುಕೊಡು ಎಂದರು. ಮರುದಿನ ಬೆಳಗ್ಗೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ‘ನೋಡಿಕೊಂಡು ನಡೆಯಿರಿ’ ಎಂದು ಹೇಳಿದರು. ಅವರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ನನಗೆ ಮಾತ್ರ ಅದು ಮುಗಿದ ಹಾಗೆ ಕಾಣುತ್ತಿಲ್ಲ.

ಮಾವ: ನೆಲ ಯಾಕೆ ಒದ್ದೆಯಾಗಿತ್ತು ಅಂತ ಯಾರಾದರೂ ಕೇಳಿದರಾ?

ಸೊಸೆ: ಯಾರೂ ಕೇಳಲಿಲ್ಲ. ಆ ಫ್ರಿಜ್ಜಿನ ನೀರು ಹೋಗುವ ಪೈಪು ಕಟ್ಟಿಕೊಂಡು ಬಹಳ ದಿನವಾಯಿತು. ಕೆಳಗೆ ಬಟ್ಟೆ ಹಾಸಿಡುತ್ತೇವೆ. ಬಟ್ಟೆ ನೆನೆದ ಮೇಲೆ ನೀರು ದಾರಿಗೆ ಹರಿಯುತ್ತದೆ. ರಿಪೇರಿಗೆ ಬರೆದುಕೊಟ್ಟಿದ್ದೇವೆ. ಫ್ರಿಜ್ ತಣ್ಣಗೇ ಇದೆ, ಮಾಲು ಕೆಡುತ್ತಿಲ್ಲ, ಅವಸರವೇನು ಎನ್ನುತ್ತಾರೆ.

ಮಾವ: ಹಾಗಾದರೆ ಅವಳ ಕೈ ಮುರಿದದ್ದಕ್ಕೆ ಕಾರಣ ಆ ಪೈಪು. ಅದು ಗೊತ್ತಿದ್ದೂ ಬಿದ್ದವಳಿಗೇ ಬುದ್ಧಿ ಹೇಳಿದರು. ಮಾರಾಯ್ತಿ, ಕಾಲು ಜಾರುವುದು ಹೇಗೆ ಅಂತ ಒಮ್ಮೆ ಯೋಚಿಸು. ನಡೆಯುವಾಗ ಮೊದಲು ನೆಲಕ್ಕೆ ತಾಗುವುದು ಹಿಮ್ಮಡಿ. ಆ ಗಳಿಗೆಯಲ್ಲಿ ಮೈಯ ಭಾರ ಆ ಕಾಲಿನ ಮೇಲೆ ಬರುತ್ತಿರುತ್ತದೆ. ಹಿಮ್ಮಡಿಗೂ ನೆಲಕ್ಕೂ ನಡುವೆ ಸಾಕಷ್ಟು ಘರ್ಷಣೆ ಇದ್ದರೆ ಕಾಲು ನಿಲ್ಲುತ್ತದೆ. ನುಣುಪಾದ ಟೈಲಿನ ಮೇಲೆ ನೀರಿನ ತೆಳು ಪದರ ಇದ್ದರೆ ಹಿಮ್ಮಡಿ ಟೈಲನ್ನು ಸರಿಯಾಗಿ ಮುಟ್ಟುವುದೇ ಇಲ್ಲ, ನೀರಿನ ಮೇಲೆಯೇ ಮುಂದಕ್ಕೆ ಓಡುತ್ತದೆ. ಕಾಲು ಮುಂದೆ ಹೋಯಿತು, ಮೈ ಹಿಂದೆ ಉಳಿಯಿತು. ತಲೆ ಉಳಿಸಿಕೊಳ್ಳಲು ಕೈ ತಾನಾಗಿ ಚಾಚುತ್ತದೆ, ಇಡೀ ಮೈಯ ಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ. ಹೀಗೆ ಕೈ ಊರಿ ಬಿದ್ದಾಗ ಮಣಿಕಟ್ಟಿನ ಹತ್ತಿರ ಆಗುವ ಮುರಿತವನ್ನು ಐರ್ಲೆಂಡಿನ ಶಸ್ತ್ರವೈದ್ಯ ಅಬ್ರಹಾಂ ಕೋಲಿಸ್ 1814ರಲ್ಲೇ ವಿವರಿಸಿದ್ದ. ಡಾಕ್ಟರರು ಇಂದಿಗೂ ಅದನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ಅದೆಲ್ಲ ಆಗಿಹೋಗುವುದು ಕ್ಷಣಮಾತ್ರದಲ್ಲಿ. ಅಷ್ಟರಲ್ಲಿ ಎಷ್ಟು ಜಾಗ್ರತೆಯ ಮನುಷ್ಯನೂ ಏನೂ ಮಾಡಲಾರ.

ಸೊಸೆ: ಅವಳ ಕೈಯಲ್ಲಿ ಹಾಲಿನ ಕ್ರೇಟು ಇತ್ತು. ಎದೆಯ ಮಟ್ಟಕ್ಕೆ ಎತ್ತಿಕೊಂಡಿದ್ದಳು. ಕಾಲ ಕೆಳಗೆ ಏನಿದೆ ಅಂತ ಕಾಣುವುದೇ ಇಲ್ಲ.

ಮಾವ: ಕ್ರೇಟು ಹೊರುವುದೇ ಅವಳ ಕೆಲಸ. ಹಾಗಿದ್ದ ಮೇಲೆ ನೋಡಿ ನಡೆ ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ. ಬಿಳಿ ಟೈಲು, ಮೇಲೆ ಟ್ಯೂಬ್‌ಲೈಟಿನ ಹೊಳಪು, ಅದರ ಮೇಲೆ ತಿಳಿನೀರು. ಬರಿಗೈಯಲ್ಲಿ ನಡೆಯುವವನಿಗೂ ಅದು ಕಾಣುವುದು ಕಷ್ಟ.

ಸೊಸೆ: ಆ ಫ್ರಿಜ್ ಒಂದೇ ಅಲ್ಲ ಮಾವ. ಎಣ್ಣೆಯ ಪಾಕೀಟು ಒಡೆಯುತ್ತದೆ. ಬೇಳೆ, ಸಾಬುದಾಣಿ ಚೆಲ್ಲುತ್ತದೆ, ಅದರ ಮೇಲೆ ಕಾಲಿಟ್ಟರೆ ಚಕ್ರದ ಮೇಲೆ ಇಟ್ಟ ಹಾಗೆ. ಗಿರಾಕಿಗಳು ತುಂಬಿರುವಾಗಲೇ ಸಾಬೂನು ನೀರಿನಲ್ಲಿ ನೆಲಕ್ಕೆ ಪೋಛಾ ಹೊಡೆಯುತ್ತಾರೆ. ಹಿಂದಿನ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆ ಕಟ್ಟಿದ ಪ್ಲಾಸ್ಟಿಕ್ ಪಟ್ಟಿಗಳು ನೆಲದ ಮೇಲೆ ಬಿದ್ದಿರುತ್ತವೆ, ಪಾದ ಸಿಕ್ಕಿಕೊಳ್ಳುತ್ತದೆ. ಮಾಲು ಖಾಲಿಯಾದ ಪ್ಯಾಲೆಟ್ಟಿನ ಮೂಲೆ ದಾರಿಗೆ ಚಾಚಿಕೊಂಡಿರುತ್ತದೆ. ಮಳೆಗಾಲದಲ್ಲಂತೂ ಬಾಗಿಲಲ್ಲೇ ಕೆರೆ. ಕೊಡೆಯಿಂದ, ರೇನ್‌ಕೋಟಿನಿಂದ ನೀರು ಇಳಿಯುತ್ತಲೇ ಇರುತ್ತದೆ. ನಾವು ರಟ್ಟು ಬಿಡಿಸಿ ಹಾಸುತ್ತೇವೆ. ಸ್ವಲ್ಪ ಹೊತ್ತಿಗೆ ರಟ್ಟು ನೆನೆದು, ಅದೇ ಜಾರುತ್ತದೆ. ಇಲ್ಲವೇ ಅಂಚು ಎದ್ದು, ಅದಕ್ಕೇ ಜನ ಎಡವುತ್ತಾರೆ.

ಮಾವ: ಈ ಊರಿನಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೀಳುವ ಮಳೆ ಸರಾಸರಿ ಎರಡು ಮೀಟರಿಗಿಂತ ಹೆಚ್ಚು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯಿತು. ವರ್ಷದಲ್ಲಿ ನಾಲ್ಕು ತಿಂಗಳು ಗಿರಾಕಿಗಳು ಒದ್ದೆ ಕಾಲಿನಲ್ಲೇ ಬರುತ್ತಾರೆ ಅಂತ ಮುಂಬಯಿಯಲ್ಲಿ ಅಂಗಡಿ ಕಟ್ಟುವ ಪ್ರತಿಯೊಬ್ಬನಿಗೂ ಗೊತ್ತು. ಆದರೂ ಬಾಗಿಲಿಗೆ ಕನ್ನಡಿಯಂಥ ಟೈಲು ಹಾಕಿಸುತ್ತಾರೆ, ನೋಡುವುದಕ್ಕೆ ಚೆಂದ ಅಂತ. ನೆಲ ಎಷ್ಟು ಜಾರುತ್ತದೆ ಎಂಬುದನ್ನು ಅಳೆಯಬಹುದು. ಜರ್ಮನಿಯಲ್ಲಿ ಕೆಲಸದ ಜಾಗಗಳ ಟೈಲುಗಳಿಗೆ ಆರ್ 9ರಿಂದ ಆರ್ 13ರವರೆಗೆ ದರ್ಜೆ ಕೊಡುತ್ತಾರೆ. ದರ್ಜೆ ಮೇಲೇರಿದಷ್ಟೂ ಹಿಡಿತ ಜಾಸ್ತಿ. ಬ್ರಿಟನ್ನಿನಲ್ಲಿ ಲೋಲಕದಂಥ ಒಂದು ಉಪಕರಣದಿಂದ ಒದ್ದೆ ನೆಲವನ್ನು ಪರೀಕ್ಷಿಸುತ್ತಾರೆ. ಅಂಕ 36 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಜಾರುವ ಅಪಾಯ ಕಡಿಮೆ ಎಂದು ಲೆಕ್ಕ. ಟೈಲು ಕೊಳ್ಳುವಾಗ ಬಣ್ಣ, ಅಳತೆ, ದರ ಕೇಳುವ ಮಾಲೀಕ ಇದನ್ನೂ ಕೇಳಿದರೆ ಅವನ ಕೆಲಸ ಅರ್ಧ ಮುಗಿದ ಹಾಗೆ.

ಸೊಸೆ: ದೊಡ್ಡ ಸ್ಟೋರುಗಳ ಮಾತು ಇದು. ನನ್ನ ಗೆಳತಿಯೊಬ್ಬಳು ದಾದರಿನಲ್ಲಿ ಸೀರೆ ಅಂಗಡಿಯಲ್ಲಿದ್ದಾಳೆ. ಅಲ್ಲಿ ಎಲ್ಲವೂ ಪೋಟ್‌ಮಾಳಾದ ಮೇಲೆ, ಅಂದರೆ ಅಂಗಡಿಯೊಳಗೇ ಕಟ್ಟಿದ ಅಟ್ಟದ ಮೇಲೆ. ಗಿರಾಕಿ ಇನ್ನೊಂದು ಬಣ್ಣ ತೋರಿಸಿ ಎಂದರೆ ಹುಡುಗ ಕಬ್ಬಿಣದ ನೆಟ್ಟನೆ ಏಣಿ ಹತ್ತಿ, ತಲೆ ಬಗ್ಗಿಸಿಕೊಂಡು ಒಳಗೆ ತೆವಳಿ, ಗಂಟು ಹೆಗಲಿಗೆ ಹಾಕಿಕೊಂಡು ಒಂದೇ ಕೈಯಲ್ಲಿ ಇಳಿಯಬೇಕು.

ಮಾವ: ಗೊತ್ತು. ಮುಂಬಯಿಯಲ್ಲಿ ಅಂಗಡಿಯ ಜಾಗಕ್ಕೆ ಚಿನ್ನದ ಬೆಲೆ. ಜಾಗ ಅಗಲಿಸಲಾಗದವರು ತಲೆಯ ಮೇಲೆ ಮಾಳಾ ಕಟ್ಟಿದರು. ಮೇಲಿನ ಕಪಾಟಿಗೆ ಕೈ ಎಟುಕದಿದ್ದರೆ ‘ಘೋಡಾ’ ಎಂಬ ಸಣ್ಣ ಏಣಿ ತರುತ್ತಾರೆ, ಘೋಡಾ ಸಿಗದಿದ್ದರೆ ಪ್ಲಾಸ್ಟಿಕ್ ಕುರ್ಚಿ, ಅದೂ ಇಲ್ಲದಿದ್ದರೆ ಕಪಾಟಿನ ಹಲಗೆಯ ಮೇಲೇ ಕಾಲು. ನೆಲದ ಮೇಲೆ ಜಾರಿದರೆ ಕೈ ಮುರಿದೀತು. ಮಾಳಾದಿಂದ ಬಿದ್ದರೆ ಬೆನ್ನುಹುರಿಗೆ ಪೆಟ್ಟು, ತಲೆಗೆ ಪೆಟ್ಟು. ಇದನ್ನು ಚಿಕ್ಕ ಸಂಗತಿ ಎಂದು ತಿಳಿಯಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯದ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಬೀಳುವುದೇ ದೊಡ್ಡ ಕಾರಣ.

ಸೊಸೆ: ನಿಮ್ಮ ಕಾಲದಲ್ಲಿ ಹೇಗಿತ್ತು?

ಮಾವ: ಹೋಟೆಲಿನಲ್ಲಿ ನಮಗೆ ಹೇಳುವವರು ಯಾರೂ ಇರಲಿಲ್ಲ. ತಟ್ಟೆ ತೊಳೆಯುವ ಮೋರಿಯ ಸುತ್ತ ಕಲ್ಲು ಪಾಚಿಗಟ್ಟಿರುತ್ತಿತ್ತು, ಬರಿಗಾಲಿನಲ್ಲಿ ಬಿಸಿ ಸಾಂಬಾರಿನ ಪಾತ್ರೆ ಹೊತ್ತು ಅದರ ಮೇಲೇ ಓಡಾಡುತ್ತಿದ್ದೆವು. ಬಿದ್ದ ಹುಡುಗನಿಗೆ ಅರಿಶಿನ ಹಚ್ಚಿ ಊರಿಗೆ ಕಳುಹಿಸುತ್ತಿದ್ದರು. ಗಿರಣಿಗೆ ಬಂದಾಗ ಬೇರೆಯೇ ಲೋಕ ಕಂಡೆ. ಅಲ್ಲಿ ಗಾಯಗಳಿಗೆ ಕೊರತೆ ಇರಲಿಲ್ಲ, ಆದರೆ ಅವಕ್ಕೊಂದು ಪುಸ್ತಕ ಇತ್ತು. ಯಾರು, ಯಾವ ಖಾತೆ, ಎಷ್ಟು ಹೊತ್ತಿಗೆ, ಏನಾಯಿತು ಅಂತ ಟೈಮ್ ಆಫೀಸಿನಲ್ಲಿ ಬರೆಯಬೇಕಿತ್ತು. ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬಂದರೆ ಮೊದಲು ಆ ಪುಸ್ತಕ ಕೇಳುತ್ತಿದ್ದ. 1948ರ ಕಾರ್ಖಾನೆ ಕಾಯ್ದೆಯ 32ನೇ ಕಲಂ ನೆಲದ ಬಗ್ಗೆಯೇ ಇತ್ತು. ನೆಲ, ಮೆಟ್ಟಿಲು, ಓಡಾಡುವ ದಾರಿ ಭದ್ರವಾಗಿರಬೇಕು, ಅಡ್ಡಿ ಇರಬಾರದು, ಜನರು ಜಾರುವಂಥ ಪದಾರ್ಥ ಇರಬಾರದು, ಬೇಕಾದ ಕಡೆ ಹಿಡಿದುಕೊಳ್ಳಲು ಗಟ್ಟಿ ಕಂಬಿ ಇರಬೇಕು ಅಂತ ಅದು ಹೇಳುತ್ತಿತ್ತು.

ಸೊಸೆ: ಅಂಗಡಿಗಳಿಗೆ ಅಂಥದ್ದು ಇರಲಿಲ್ಲವಾ?

ಮಾವ: ಅದೇ 1948ರಲ್ಲಿ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯೂ ಬಂತು. ಕೆಲಸದ ಹೊತ್ತು, ವಾರದ ರಜೆ, ಶುಚಿತ್ವ, ಗಾಳಿ, ಬೆಳಕು, ಬೆಂಕಿಯ ಮುನ್ನೆಚ್ಚರಿಕೆ ಎಲ್ಲ ಅದರಲ್ಲಿತ್ತು. ಜಾರುವ ನೆಲಕ್ಕೆ ಗಿರಣಿಗೆ ಇದ್ದಂಥ ಕಲಂ ಇರಲಿಲ್ಲ. ಆಗಿನ ಅಂಗಡಿಯಲ್ಲಿ ಗಿರಾಕಿ ಕಟ್ಟೆಯ ಆಚೆ ನಿಲ್ಲುತ್ತಿದ್ದ, ಕೆಲಸದವನು ಈಚೆ. ಆಮೇಲೆ ಅಂಗಡಿಯೇ ಬದಲಾಯಿತು. 1991ರಲ್ಲಿ ಅಂಧೇರಿಯಲ್ಲಿ ಶಾಪರ್ಸ್ ಸ್ಟಾಪ್, 1999ರಲ್ಲಿ ಹಾಜಿ ಅಲಿಯ ಹತ್ತಿರ ಕ್ರಾಸ್‌ರೋಡ್ಸ್, 2002ರಲ್ಲಿ ಪವಾಯಿಯಲ್ಲಿ ಮೊದಲ ಡಿ–ಮಾರ್ಟ್. ಗಿರಾಕಿ ಒಳಗೇ ಬಂದ, ತಾನೇ ಮಾಲು ಎತ್ತಿದ, ತಳ್ಳುಗಾಡಿ ಓಡಿಸಿದ. ಸಾವಿರಾರು ಕಾಲುಗಳು, ಚೆಲ್ಲುವ ಮಾಲು, ಗಾಡಿ, ಪ್ಯಾಲೆಟ್ಟು ಎಲ್ಲ ಒಂದೇ ನೆಲದ ಮೇಲೆ. ಆ ನೆಲ ಗಿರಣಿಯ ಖಾತೆಯಷ್ಟೇ ಅಪಾಯದ್ದಾಯಿತು, ಕಾಯ್ದೆ ಮಾತ್ರ ಕಟ್ಟೆಯ ಕಾಲದಲ್ಲೇ ಉಳಿಯಿತು. ಲೋವರ್ ಪರೇಲಿನಲ್ಲಿ ಫೀನಿಕ್ಸ್ ಮಿಲ್ ಇದ್ದ ಜಾಗದಲ್ಲೇ ಈಗ ಫೀನಿಕ್ಸ್ ಮಾಲ್ ಇದೆ. ಅಲ್ಲಿ ನೂಲು ತೆಗೆಯುವವನ ಕಾಲ ಕೆಳಗಿನ ನೆಲಕ್ಕೆ ಕಾಯ್ದೆಯ ಕಾವಲು ಇತ್ತು. ಅದೇ ಜಾಗದಲ್ಲಿ ಬಟ್ಟೆ ಮಾರುವವಳಿಗೆ ಅದು ಬಹಳ ವರ್ಷ ಸಿಗಲಿಲ್ಲ.

ಸೊಸೆ: ಈಗ ಸಿಕ್ಕಿದೆಯಾ?

ಮಾವ: ಕಾಗದದ ಮೇಲೆ ಸಿಕ್ಕಿದೆ. 2017ರಲ್ಲಿ ಮಹಾರಾಷ್ಟ್ರ ಹೊಸ ಅಂಗಡಿ ಕಾಯ್ದೆ ಮಾಡಿತು. ವರ್ಷದ 365 ದಿನವೂ ಅಂಗಡಿ ತೆರೆದಿಡಬಹುದು ಎಂದಿತು. ಇನ್ಸ್‌ಪೆಕ್ಟರ್ ಹೋಗಿ ‘ಫೆಸಿಲಿಟೇಟರ್’ ಬಂದ. ಕೆಲಸದ ಸುರಕ್ಷತೆಯ ಬಗ್ಗೆ 2020ರಲ್ಲಿ ಸಂಸತ್ತು ಒಪ್ಪಿದ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ವ್ಯಾಪಾರದ ಜಾಗವೂ ಅದರೊಳಗೆ ಬರುತ್ತದೆ. ಗಾಯ ಮಾಡುವ ಅಪಾಯಗಳಿಂದ ಕೆಲಸದ ಜಾಗವನ್ನು ಮುಕ್ತವಾಗಿ ಇಡುವುದು ಮಾಲೀಕನ ಕರ್ತವ್ಯ, ಪ್ರತಿಯೊಬ್ಬ ನೌಕರನಿಗೂ ನೇಮಕಪತ್ರ ಕೊಡಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಮಾಲೀಕನ ಕರ್ತವ್ಯ ಎಂಬುದನ್ನು ನೆನಪಿಟ್ಟುಕೋ. ನಿಮ್ಮ ಫ್ರಿಜ್ಜಿನ ಪೈಪು ಆ ಕರ್ತವ್ಯದೊಳಗೇ ಬರುತ್ತದೆ.

ಸೊಸೆ: ಆದರೆ ಆ ಹುಡುಗಿ ನಮ್ಮ ಕಂಪನಿಯ ನೌಕರಳಲ್ಲ. ಕೆಲಸದಾಳು ಒದಗಿಸುವ ಏಜೆನ್ಸಿಯ ಮೂಲಕ ಬಂದವಳು. ಅದೇ ಸಾಲಿನಲ್ಲಿ ಸಾಬೂನು, ಬಿಸ್ಕತ್ತು ಕಂಪನಿಗಳ ಪ್ರಮೋಟರ್ ಹುಡುಗಿಯರೂ ನಿಂತಿರುತ್ತಾರೆ. ಬಿದ್ದರೆ ಸ್ಟೋರಿನವರು ಏಜೆನ್ಸಿ ಕೇಳು ಎನ್ನುತ್ತಾರೆ, ಏಜೆನ್ಸಿಯವರು ಸ್ಟೋರ್ ಕೇಳು ಎನ್ನುತ್ತಾರೆ.

ಮಾವ: ಈ ಜಾರಿಕೊಳ್ಳುವ ಆಟ ಗೊತ್ತಿದ್ದೇ ಕಾಯ್ದೆ ಮೊದಲೇ ಬಾಗಿಲು ಹಾಕಿದೆ. ಇಎಸ್‌ಐ ಅಂದರೆ ನೌಕರರ ರಾಜ್ಯ ವಿಮೆ. ಅದರ 1948ರ ಕಾಯ್ದೆಯ 40ನೇ ಕಲಮಿನ ಕಾಲದಿಂದಲೂ ಗುತ್ತಿಗೆದಾರನ ಮೂಲಕ ಬಂದವರ ವಂತಿಗೆಯನ್ನೂ ಮೊದಲು ಕಟ್ಟಬೇಕಾದವನು ಮುಖ್ಯ ಮಾಲೀಕನೇ. ಗುತ್ತಿಗೆದಾರನಿಂದ ಅವನು ಆಮೇಲೆ ವಸೂಲು ಮಾಡಿಕೊಳ್ಳಲಿ. ಅವಳ ಸಂಬಳ ಎಷ್ಟು?

ಸೊಸೆ: ಸುಮಾರು ಹದಿನೈದು ಸಾವಿರ.

ಮಾವ: ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇಎಸ್‌ಐಗೆ ಸೇರುತ್ತಾರೆ, 2017ರಿಂದ ಆ ಮಿತಿ ಇದೆ. 2019ರ ಜುಲೈಯಿಂದ ನೌಕರರ ವಂತಿಗೆ ಸಂಬಳದ ಶೇ 0.75, ಮಾಲೀಕನದು ಶೇ 3.25. ಅವಳ ಸಂಬಳದ ಚೀಟಿಯಲ್ಲಿ ನೂರ ಹದಿಮೂರು ರೂಪಾಯಿ ಹಿಡಿದಿದ್ದಾರಾ ನೋಡು. ಹಿಡಿದಿದ್ದರೆ ಅವಳಿಗೊಂದು ವಿಮೆ ನಂಬರು ಇರಬೇಕು. ಈಗ ಮುಖ್ಯವಾದ ಮಾತು ಕೇಳು. ‘ರಜೆಗೆ ಬರೆದುಕೊಡು’ ಎಂದಾಗ ಅವಳು ಏನು ಅಂತ ಬರೆದುಕೊಟ್ಟಳು?

ಸೊಸೆ: ಅನಾರೋಗ್ಯ ಅಂತ. ಎಲ್ಲರೂ ಹಾಗೇ ಬರೆಯುತ್ತಾರೆ.

ಮಾವ: ಅಲ್ಲೇ ಅವಳಿಗೆ ನಷ್ಟ. ಕಾಯಿಲೆಯ ರಜೆಗೆ ಇಎಸ್‌ಐ ಕೊಡುವುದು ಕೂಲಿಯ ಶೇ 70, ಅದೂ ವರ್ಷಕ್ಕೆ 91 ದಿನದ ಮಿತಿಯೊಳಗೆ, ಮೊದಲು ಇಷ್ಟು ದಿನ ವಂತಿಗೆ ಕಟ್ಟಿರಬೇಕು ಎಂಬ ಷರತ್ತಿನ ಮೇಲೆ. ಕೆಲಸದ ಗಾಯ ಎಂದಾದರೆ ಶೇ 90, ಗುಣವಾಗುವವರೆಗೂ, ಕೆಲಸಕ್ಕೆ ಸೇರಿದ ಮೊದಲ ದಿನವೇ ಬಿದ್ದಿದ್ದರೂ ಸಿಗುತ್ತದೆ. ಅವಳ ಸಂಬಳಕ್ಕೆ ಲೆಕ್ಕ ಹಾಕಿದರೆ ತಿಂಗಳಿಗೆ ಹತ್ತೂವರೆ ಸಾವಿರ ಒಂದು ಕಡೆ, ಹದಿಮೂರೂವರೆ ಸಾವಿರ ಇನ್ನೊಂದು ಕಡೆ. ಮುಂದೆ ಮಣಿಕಟ್ಟು ಸರಿಯಾಗಿ ತಿರುಗದೆ ಹೋದರೆ ವೈದ್ಯಕೀಯ ಮಂಡಳಿ ನೋಡಿ, ಎಷ್ಟು ಶಕ್ತಿ ಕುಂದಿದೆ ಎಂದು ತೀರ್ಮಾನಿಸಿ ಅದಕ್ಕೆ ತಕ್ಕ ಪರಿಹಾರ ಕೊಡುತ್ತದೆ. ಅನಾರೋಗ್ಯ ಅಂತ ಬರೆದ ಕಾಗದ ಆ ದಾರಿಯನ್ನೂ ಮುಚ್ಚಿಬಿಡಬಹುದು. ಮಾಲೀಕ ಕೊಟ್ಟ ಪ್ಲಾಸ್ಟರಿನ ದುಡ್ಡು ಇದಕ್ಕೆಲ್ಲ ಸಮನಲ್ಲ.

ಸೊಸೆ: ಆದರೆ ಅವಳದೇ ತಪ್ಪು ಅಂತ ಹೇಳಿದರೆ? ಅವಳು ಸ್ಟೋರಿನ ಬೂಟು ಹಾಕಿರಲಿಲ್ಲ, ಚಪ್ಪಲಿಯಲ್ಲಿದ್ದಳು ಅಂತ ಮ್ಯಾನೇಜರ್ ಹೇಳುತ್ತಿದ್ದಾರೆ.

ಮಾವ: ವಕೀಲರ ಕಚೇರಿಯಲ್ಲಿ ನಾನು ಹೆಚ್ಚು ಕೇಳಿದ ಮಾತು ಅದೇ. ಕಾಯ್ದೆ ಹಾಗೆ ಹೇಳುವುದಿಲ್ಲ. ಕೆಲಸದ ವೇಳೆ ಆದ ಅಪಘಾತ, ವಿರುದ್ಧ ಪುರಾವೆ ಇಲ್ಲದಿದ್ದರೆ, ಕೆಲಸದಿಂದಲೇ ಆದದ್ದು ಎಂದು ಇಎಸ್‌ಐ ಕಾಯ್ದೆ ಭಾವಿಸುತ್ತಿತ್ತು. ನಿಯಮ ಮೀರಿ ನಡೆದಿದ್ದರೂ ಅವಳು ಮಾಡುತ್ತಿದ್ದದ್ದು ಮಾಲೀಕನ ಕೆಲಸವೇ ಆಗಿದ್ದರೆ ಅದು ಕೆಲಸದ ಗಾಯವೇ. ಈ ನಿಯಮಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಗೂ ಬಂದಿವೆ. 1923ರ ಪರಿಹಾರ ಕಾಯ್ದೆ ಕೂಡ ಮಾಲೀಕನಿಗೆ ವಿನಾಯಿತಿ ಕೊಟ್ಟದ್ದು ಕೆಲವೇ ಸಂದರ್ಭಗಳಲ್ಲಿ. ಕುಡಿದಿದ್ದರೆ, ಸುರಕ್ಷತೆಯ ಆಜ್ಞೆಯನ್ನು ಬೇಕೆಂದೇ ಧಿಕ್ಕರಿಸಿದ್ದರೆ, ರಕ್ಷಣೆಯ ಸಾಧನವನ್ನು ಬೇಕೆಂದೇ ಕಿತ್ತುಹಾಕಿದ್ದರೆ. ಆಗಲೂ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಉಂಟಾದರೆ ಆ ವಿನಾಯಿತಿ ಸಿಗುವುದಿಲ್ಲ. ದುಡಿಯುವ ಮನುಷ್ಯನ ಗಮನ ಒಮ್ಮೊಮ್ಮೆ ತಪ್ಪುತ್ತದೆ ಎಂಬುದು ನೂರು ವರ್ಷದ ಹಿಂದೆಯೇ ಕಾಯ್ದೆ ಮಾಡಿದವರಿಗೆ ಗೊತ್ತಿತ್ತು.

ಸೊಸೆ: ಮಾವ, ನನ್ನ ಕಷ್ಟವನ್ನೂ ಹೇಳುತ್ತೇನೆ. ನಮ್ಮ ಸ್ಟೋರಿನಲ್ಲಿ ಅಪಘಾತವಿಲ್ಲದ ದಿನಗಳ ಲೆಕ್ಕ ಬೋರ್ಡಿನ ಮೇಲೆ ಬರೆಯುತ್ತಾರೆ. ಒಂದು ಬಿದ್ದದ್ದು ಬರೆದರೆ ಸಂಖ್ಯೆ ಸೊನ್ನೆಗೆ ಬರುತ್ತದೆ, ಮ್ಯಾನೇಜರಿಗೆ ಮೇಲಿನಿಂದ ಫೋನು ಬರುತ್ತದೆ. ಅವರೂ ಸಂಬಳದವರೇ. ಹುಡುಗಿಯರೂ ಬರೆಸಲು ಒಪ್ಪುವುದಿಲ್ಲ. ಹೆಸರು ಬರೆಸಿದರೆ ಮುಂದಿನ ತಿಂಗಳು ಏಜೆನ್ಸಿ ಬೇರೆಯವರನ್ನು ಕಳುಹಿಸುತ್ತದೆ ಎಂಬ ಹೆದರಿಕೆ.

ಮಾವ: ಆ ಹೆದರಿಕೆ ಸುಳ್ಳಲ್ಲ. ಇಎಸ್‌ಐಯಲ್ಲಿ ಗಾಯದ ಭತ್ಯೆ ಪಡೆಯುತ್ತಿರುವವರನ್ನು ಆ ಅವಧಿಯಲ್ಲಿ ಕೆಲಸದಿಂದ ತೆಗೆಯಬಾರದು ಅಂತ ಕಾಯ್ದೆ ಹೇಳಿದ್ದು ಇಂಥ ಹೆದರಿಕೆ ಇದೆ ಎಂದೇ. ಆದರೆ ಆ ಬೋರ್ಡು ಏನು ಮಾಡುತ್ತಿದೆ ನೋಡು. ಗಾಯ ಕಡಿಮೆ ಮಾಡುವುದಕ್ಕೆ ತಂದದ್ದು ಗಾಯವನ್ನು ಬಚ್ಚಿಡಲು ಕಲಿಸುತ್ತಿದೆ. ಲೆಕ್ಕ ಬೇರೆ ರೀತಿ ಇಡಿ. ಯಾರೂ ಬೀಳದಿದ್ದರೂ ಕಾಲು ಜಾರಿದ್ದನ್ನು, ಎಡವಿದ್ದನ್ನು, ಚೆಲ್ಲಿದ್ದನ್ನು ಬರೆಯಿರಿ. ಹೆಸರು ಬೇಡ. ಜಾಗ, ಹೊತ್ತು, ಕಾರಣ ಸಾಕು. ಮೂರು ತಿಂಗಳ ಪುಟ ತಿರುವಿದರೆ ಯಾವ ಮೂಲೆ, ಯಾವ ಹೊತ್ತು ಅಂತ ಕಣ್ಣಿಗೆ ಹೊಡೆಯುತ್ತದೆ. ಆಗ ಮ್ಯಾನೇಜರ್ ಮೇಲಿನವರಿಗೆ ದುಡ್ಡು ಕೇಳುವುದೂ ಸುಲಭ.

ಸೊಸೆ: ಸರಿ, ನಾಳೆಯಿಂದ ನಾನು ಏನು ಮಾಡಬಹುದು? ನನ್ನ ಕೈಯಲ್ಲಿ ಬಜೆಟ್ಟಿಲ್ಲ.

ಮಾವ: ನಿನ್ನ ಕೈಯಲ್ಲಿ ಇರುವುದನ್ನು ಮೊದಲು ಹೇಳುತ್ತೇನೆ. ಗಿರಾಕಿಗಳು ಕಡಿಮೆ ಇರುವ ಹೊತ್ತಿಗೆ ಪೋಛಾ ಇಡು. ಇಡೀ ಸಾಲನ್ನು ಒಮ್ಮೆಗೇ ಒದ್ದೆ ಮಾಡಬೇಡಿ, ಅರ್ಧ ಅಗಲ ಒರೆಸಿ, ಅದು ಒಣಗಿದ ಮೇಲೆ ಇನ್ನರ್ಧ. ಒದ್ದೆ ಒರೆಸುಕೋಲಿನ ಹಿಂದೆಯೇ ಒಣ ಬಟ್ಟೆ ಹೋಗಲಿ. ಎಣ್ಣೆ ಚೆಲ್ಲಿದರೆ ನೀರು ಹಾಕಬೇಡಿ, ಮೊದಲು ಹೊಟ್ಟು ಅಥವಾ ಕಾಗದ ಹಾಕಿ ಹೀರಿಸಿ, ಆಮೇಲೆ ಸಾಬೂನು. ಚೆಲ್ಲಿದ್ದನ್ನು ಕಂಡವರು ಅಲ್ಲೇ ನಿಲ್ಲಲಿ, ಇನ್ನೊಬ್ಬರು ಬಟ್ಟೆ ತರಲಿ. ಹಳದಿ ಫಲಕ ಇಟ್ಟು ಹೋಗಿಬಿಟ್ಟರೆ ಹೊಣೆ ತೀರಲಿಲ್ಲ, ಫಲಕ ನೀರನ್ನು ಒಣಗಿಸುವುದಿಲ್ಲ. ಪೆಟ್ಟಿಗೆ ಬಿಡಿಸಿದ ಕೂಡಲೇ ಪಟ್ಟಿ ಡಬ್ಬಕ್ಕೆ ಹೋಗಲಿ. ಖಾಲಿ ಪ್ಯಾಲೆಟ್ಟು ಗೋಡೆಗೆ ಒರಗಲಿ.

ಸೊಸೆ: ಮ್ಯಾನೇಜರ್ ಕೈಯಲ್ಲಿ ಇರುವುದು?

ಮಾವ: ಬಾಗಿಲಿಗೆ ರಬ್ಬರ್ ತಳದ ಉದ್ದನೆಯ ಚಾಪೆ. ಒಳಗೆ ಬಂದವನು ಅದರ ಮೇಲೆ ನಾಲ್ಕಾರು ಹೆಜ್ಜೆ ಇಟ್ಟ ಮೇಲೆ ಟೈಲು ಮುಟ್ಟಬೇಕು, ನೆನೆದ ಚಾಪೆ ಬದಲಿಸಲು ಇನ್ನೊಂದು ಇರಬೇಕು. ಪೈಪು ರಿಪೇರಿ. ಜಾರದ ಅಟ್ಟೆಯ ಬೂಟು, ಏಜೆನ್ಸಿಯವರಿಗೂ ಪ್ರಮೋಟರುಗಳಿಗೂ ಕೂಡ. ಹಿಡಿಕಂಬಿ ಇರುವ ಅಗಲ ಮೆಟ್ಟಿಲಿನ ಏಣಿ, ಕುರ್ಚಿ ಹತ್ತುವುದಕ್ಕೆ ಪೂರ್ಣ ನಿಷೇಧ. ಭಾರದ ಮಾಲು ಸೊಂಟದ ಮಟ್ಟದ ಕಪಾಟಿನಲ್ಲಿ, ಮೇಲೆ ಹಗುರದ್ದು. ಇನ್ನೊಂದು ಸಂಗತಿಯನ್ನು ಜನ ಮರೆಯುತ್ತಾರೆ, ಅದು ಕುಳಿತುಕೊಳ್ಳುವ ಹಕ್ಕು. ಹತ್ತು ಗಂಟೆ ನಿಂತ ಕಾಲು ನೆಲ ಬಿಟ್ಟು ಸರಿಯಾಗಿ ಏಳುವುದಿಲ್ಲ, ಎಳೆದುಕೊಂಡು ನಡೆಯುತ್ತದೆ, ಎಡವುತ್ತದೆ. ಕೋಳಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳ ಹೆಣ್ಣುಮಕ್ಕಳು ಹೋರಾಡಿದ ಮೇಲೆ ಕೇರಳ 2018ರಲ್ಲಿ ಅಂಗಡಿ ಕಾಯ್ದೆ ತಿದ್ದಿ ಕೂರಲು ಅವಕಾಶ ಕೊಡಬೇಕು ಎಂದಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಮುಂಬಯಿಯ ಪ್ರತಿ ಕೌಂಟರಿನ ಹಿಂದೆ ಒಂದು ಸ್ಟೂಲು ಇಡುವುದಕ್ಕೆ ಯಾರೂ ಕಾಯ್ದೆಗಾಗಿ ಕಾಯಬೇಕಾಗಿಲ್ಲ.

ಸೊಸೆ: ಆ ಹುಡುಗಿಯ ಕಾಗದ?

ಮಾವ: ಇವತ್ತೇ ಸರಿಪಡಿಸಿ. ಸ್ಟೋರಿನ ಅಪಘಾತ ಪುಸ್ತಕದಲ್ಲಿ ದಿನ, ಹೊತ್ತು, ಜಾಗ, ಪೈಪಿನ ಸೋರಿಕೆ ಎಲ್ಲ ಇದ್ದದ್ದು ಇದ್ದ ಹಾಗೆ ಬರೆಯಿಸಿ. ಕಂಡವರಿಬ್ಬರ ಸಹಿ ಇರಲಿ. ಮಾಲೀಕನು ಇಎಸ್‌ಐಗೆ ಅಪಘಾತದ ವರದಿ ಕಳುಹಿಸಬೇಕು, ಅದರ ಪ್ರತಿ ಅವಳ ಕೈಯಲ್ಲಿರಬೇಕು. ಖಾಸಗಿ ಡಾಕ್ಟರರ ಚೀಟಿ, ಎಕ್ಸ್‌ರೇ ಎಸೆಯಬಾರದು. ಅದೆಲ್ಲ ತೆಗೆದುಕೊಂಡು ಅವಳು ತನ್ನ ಇಎಸ್‌ಐ ದವಾಖಾನೆಗೆ ಹೋಗಲಿ. ನೀನು ಕಂಡದ್ದನ್ನು ಕಂಡೆ ಎಂದು ಬರೆದು ಸಹಿ ಮಾಡು.

ಸೊಸೆ: ಮಾಡುತ್ತೇನೆ. ಪೈಪಿನ ವಿಷಯ ಈ ಸಲ ಲಿಖಿತವಾಗಿ, ದಿನಾಂಕ ಹಾಕಿ ಕೊಡುತ್ತೇನೆ. ಮ್ಯಾನೇಜರಿಗೆ ನೀವು ಹೇಳಿದ ಕಲಂಗಳನ್ನೂ ತೋರಿಸುತ್ತೇನೆ.

ಮಾವ: ತೋರಿಸು. ಅವರನ್ನು ಹೆದರಿಸುವುದಕ್ಕಲ್ಲ, ಅವರಿಗೂ ಅದು ಬಲ. ಅಂಗಡಿಯ ಮಾಲೀಕರಿಗೆ ನನ್ನದೊಂದೇ ಕೋರಿಕೆ. ನಿಮ್ಮಲ್ಲಿ ಯಾರಾದರೂ ಬಿದ್ದಾಗ, ಎತ್ತಿ ಕೂರಿಸಿ ನೀರು ಕೊಟ್ಟ ಮೇಲೆ, ಮೊದಲು ನೆಲವನ್ನು ಪರೀಕ್ಷಿಸಿ, ಬಿದ್ದವರನ್ನು ಬೈಯಬೇಡಿ. ಅಂಗಡಿಗಳಲ್ಲಿ ದುಡಿಯುವವರಿಗೂ ಒಂದು ಮಾತು. ಬಿದ್ದದ್ದನ್ನು ನಾಚಿಕೆಯಿಂದ ಮುಚ್ಚಿಡಬೇಡಿ, ಅದೇ ದಿನ ಬರೆಯಿಸಿ, ನಿಮ್ಮ ಇಎಸ್‌ಐ ನಂಬರನ್ನು ಇಂದೇ ಕೇಳಿ ಪಡೆಯಿರಿ. ನೆಲವನ್ನು ಒಣಗಿಡುವ ಹೊಣೆ ಆ ನೆಲದಿಂದ ಲಾಭ ಪಡೆಯುವವರದು.